ಬೆಣ್ಣೆಯಂಥ ಹಿಟ್ಟು

ನಮ್ಮೂರಲ್ಲಿ ತನ್ನ ಹಿಟ್ಟನ್ನು ತಾನೇ ಬೀಸಿಕೊಂಡರೆ ಅದು ಮೈಗೆ ಹತ್ತುವುದಿಲ್ಲ. ಇನ್ನೊಬ್ಬರು ಬೀಸಿಕೊಡಬೇಕು. ಯಾಕೆ ಎಂದು ಕೇಳಬೇಡಿ. ನಿಮ್ಮೂರಲ್ಲಿ ಮಳೆ ಮೇಲಿಂದ ಕೆಳಕ್ಕೇ ಯಾಕೆ ಬೀಳುತ್ತದೆ ಎಂದು ನಾನೇನಾದರೂ ಕೇಳಿದೆನೇ? ಹುರಳಿ, ಹೆಸರು, ಕಡಲೆ ಮೂರನ್ನೂ ನೆನೆಸಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಒಂದಿಷ್ಟು ರಾಗಿ, ಒಂದು ಹಿಡಿ ಕುಂಬಳದ ಬೀಜ ಸೇರಿಸಿ ಬೀಸಿದ ಹಿಟ್ಟು ಅದು. ಬೆಳಿಗ್ಗೆ ನಾಲ್ಕು ಚಮಚ, ಸಂಜೆ ನಾಲ್ಕು ಚಮಚ, ಬಿಸಿನೀರಿಗೆ ಕಲಸಿ, ರುಚಿಗೆ ಚೂರು ಬೆಲ್ಲ. ನಮ್ಮೂರ ಮುದುಕಿಯರು ಎಂಬತ್ತರಲ್ಲೂ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವುದು ಈ ಹಿಟ್ಟಿನ ಬಲದ ಮೇಲೆ. ಆದರೆ ಸ್ವಂತ ಕೈಯಲ್ಲಿ ಬೀಸಿಕೊಂಡು ತಿಂದಿರೋ, ಹೊಟ್ಟೆ ತುಂಬುತ್ತದೆ, ಅಷ್ಟೇ. ತೋಳು ತೊಡೆಗೆ ಏನೂ ಹೋಗುವುದಿಲ್ಲ.

ಜನ ಇದಕ್ಕೆ ಎಂದೋ ಹೊಂದಿಕೊಂಡಿದ್ದಾರೆ. ನಮ್ಮಲ್ಲಿ ಮದುವೆಯೆಂದರೆ ಗಂಡು ಹೆಣ್ಣಿನ ಉಡಿಗೆ, ಹೆಣ್ಣು ಗಂಡಿನ ಶಲ್ಯಕ್ಕೆ ಒಂದೊಂದು ಸೇರು ಕಾಳು ಅಳೆದು ಹಾಕುವುದು, ಅಲ್ಲಿಗೆ ಮುಗಿಯಿತು. ಒಂಟಿ ಜನ ಪಕ್ಕದ ಮನೆಯವರೊಂದಿಗೆ ಜೋಡಿ ಕಟ್ಟಿಕೊಳ್ಳುತ್ತಾರೆ. ಹಿಂದಿನ ಬೀದಿಯ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟು ಇಪ್ಪತ್ತು ವರ್ಷವಾಯಿತು. ಆದರೂ ದಿನಾ ಅವನಿಗೆ ಇವನು, ಇವನಿಗೆ ಅವನು ಬೀಸಿ, ಡಬ್ಬಿಯನ್ನು ನಡುಗೋಡೆಯ ಮೇಲಿಟ್ಟು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಬಸ್ ಸ್ಟ್ಯಾಂಡಿನ ಹತ್ತಿರ ಕರೆಂಟಿನ ಗಿರಣಿ ಬಂದಾಗ ದೊಡ್ಡ ಗೊಂದಲವೇ ಆಯಿತು. ಅದು ಬೀಸಿದ ಹಿಟ್ಟು ಯಾರ ಕೈಯದು? ಗಿರಣಿಯವನದ್ದು ಎನ್ನೋಣವೆಂದರೆ ಕಾಸು ತಗೊಂಡು ಬೀಸಿದ್ದು ಯಾರಿಗೂ ಹತ್ತಲಿಲ್ಲ. ಕೊನೆಗೆ ಸಾಲಿನಲ್ಲಿ ನಿಂತವರು ತಮ್ಮ ಹಿಂದಿನವರಿಗೆ ಗುಂಡಿ ಒತ್ತುವುದು ಎಂದಾಯಿತು. ಬೆಳಿಗ್ಗೆ ಮೊದಲು ಬಂದವರಿಗೆ ಹಿಂದಿನ ದಿನದ ಕೊನೆಯವನು ಬಂದು ಒತ್ತಿ ಹೋಗಬೇಕು. ಅವನು ಮರೆತು ಮಲಗಿಬಿಟ್ಟರೆ ಇಡೀ ಸಾಲು ಆಕಳಿಸುತ್ತ ನಿಂತಿರುತ್ತದೆ. ನನಗೆ ಆ ಗಿರಣಿಯೆಂದರೆ ಆಗದು. ಯಾರೋ ದಾರಿಹೋಕ ಗುಂಡಿ ಒತ್ತಿದ ಹಿಟ್ಟು, ಥೂ, ಅದೂ ಒಂದು ಹಿಟ್ಟೇ?

ನಾನು ಗುರುನಂಜಯ್ಯ. ಪೇಟೆಬೀದಿಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ನನ್ನದು. ಐವತ್ತು ವರ್ಷ ಹಿತ್ತಾಳೆಯ ಸ್ವರಪಟ್ಟಿಗಳನ್ನು ಅರದಿಂದ ಉಜ್ಜಿ ಉಜ್ಜಿ ಶ್ರುತಿಗೆ ತಂದವನು. ಸಂಜೆ ಬಿಸಿಲು ಹಳದಿಗೆ ತಿರುಗುವ ಹೊತ್ತಿಗೆ ನಮ್ಮೂರಲ್ಲಿ ಮನೆಮನೆಯ ಬೀಸುವ ಕಲ್ಲು ಶುರುವಾಗುತ್ತದೆ. ಅದನ್ನು ಕೇಳಲು ನನ್ನ ಕಿವಿಯೇ ಬೇಕು. ಕಂಬದ ಮನೆಯದು ಮಂದ್ರ ಷಡ್ಜ, ಬಾವಿ ಮನೆಯದು ಪಂಚಮ, ಮೂಲೆಮನೆಯ ಹೊಸ ಜೋಡಿಯದು ನಗು ಬಂದಾಗಲೆಲ್ಲ ಹರಿದುಹೋಗುವ ನಿಷಾದ. ಬೀದಿಯ ಮೇಲೆ ಹಿಟ್ಟಿನ ಸಣ್ಣ ಮಂಜು ಏಳುತ್ತದೆ. ಆ ಮಂಜಿನಲ್ಲಿ ಮನೆಗೆ ಬರುವ ದನಗಳ ಕೊಂಬು, ಸೈಕಲ್ಲಿನ ಗಂಟೆ, ಕರೆಯುವ ತಾಯಂದಿರ ದನಿ ಎಲ್ಲವೂ ದೂರದಲ್ಲಿ ಯಾರೋ ನೆನಪು ಮಾಡಿಕೊಳ್ಳುತ್ತಿರುವ ಹಾಗೆ ತೇಲುತ್ತವೆ. ನಾನು ಜಗಲಿಯ ಮೇಲೆ ಕಲ್ಲು ತಿರುಗಿಸುತ್ತ, ಇದು ಎಚ್ಚರವೋ ನಿದ್ದೆಯೋ ಎಂದು ಎಷ್ಟೋ ಸಲ ಮರೆತಿದ್ದೇನೆ.

ನಾನು ಬೀಸುತ್ತಿದ್ದುದು ನನ್ನ ಹೆಂಡತಿ ದಾಕ್ಷಾಯಿಣಿಗೆ. ಬೆಳಿಗ್ಗೆ ಅವಳು ನನಗೆ ಬೀಸುತ್ತಾಳೆ, ಸಂಜೆ ನಾನು ಅವಳಿಗೆ. ಮೂವತ್ತೆಂಟು ವರ್ಷದ ರೂಢಿ. ನನ್ನ ಹಿಟ್ಟಿನ ನುಣುಪು ಊರಿಗೇ ಗೊತ್ತಿತ್ತು. ನೆಂಟರು ಬಂದರೆ ಬೆರಳಲ್ಲಿ ಉಜ್ಜಿ, "ಗುರುನಂಜಣ್ಣ, ಇದನ್ನ ಮುಖಕ್ಕೆ ಹಚ್ಕೋಬಹುದು ಕಣಯ್ಯ" ಎನ್ನುತ್ತಿದ್ದರು. ನಾನು ಮೀಸೆಯಡಿಯಲ್ಲೇ ಉಬ್ಬುತ್ತಿದ್ದೆ. ದಿನಾ ಬೀಸಿ ಮುಗಿಸಿ, ಬಟ್ಟೆಯ ಸಮೇತ ಅವಳ ಕೈಗೆ ಕೊಟ್ಟು, "ಹೇಗಿದೆ ದಾಕ್ಷಿ?" ಎಂದು ಕೇಳುವುದು. ಅವಳು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು, "ಬೆಣ್ಣೆ ಹಾಗಿದೆ" ಎನ್ನುವುದು. ಆ ಮಾತು ಕೇಳದೆ ನನಗೆ ಊಟ ಸೇರುತ್ತಿರಲಿಲ್ಲ.

ಹಾಗಿದ್ದವಳು ಕಳೆದ ವರ್ಷದಿಂದ ಕರಗತೊಡಗಿದಳು. ಮೊದಲು ಕಂಡದ್ದು ಬಳೆಯಲ್ಲಿ. ಮಣಿಕಟ್ಟಿನಲ್ಲಿ ಬಿಗಿಯಾಗಿದ್ದ ಹಸಿರು ಬಳೆಗಳು ಕೈ ಎತ್ತಿದರೆ ಮೊಣಕೈವರೆಗೆ ಸರ್ರನೆ ಜಾರುತ್ತಿದ್ದವು. ಆಮೇಲೆ ನೆಲದಿಂದ ಏಳುವಾಗ ಗೋಡೆ ಹಿಡಿಯತೊಡಗಿದಳು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಬಿದ್ದೇಬಿಟ್ಟಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಕರೆದುಕೊಂಡು ಶಮೀಮಾ ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ರಕ್ತ ಪರೀಕ್ಷೆ, ಸಕ್ಕರೆ, ಥೈರಾಯ್ಡು ಎಲ್ಲ ನೋಡಿಸಿದರು. ಒಂದರಲ್ಲೂ ಏನೂ ಇಲ್ಲ. ಕೊನೆಗೆ ನೆಲಕ್ಕೊಂದು ಚಾಪೆ ಹಾಸಿ, "ಅಮ್ಮಾ, ಇಲ್ಲಿ ಕೂತ್ಕೊಂಡು, ಕೈ ಊರದೆ ಎದ್ದು ನಿಲ್ಲಿ ನೋಡೋಣ" ಎಂದರು. ದಾಕ್ಷಿ ಕೂತಳು. ಏಳಲು ಹೋದಳು, ಆಗಲಿಲ್ಲ. ಒಂದು ಕೈ ಊರಿದಳು, ಎರಡು ಕೈ ಊರಿದಳು, ಕೊನೆಗೆ ನನ್ನ ಪಂಚೆಯ ಅಂಚು ಹಿಡಿದು ಎದ್ದಳು. ನಾಚಿಕೆಯಿಂದ ಅವಳ ಮುಖ ಕೆಂಪಾಗಿತ್ತು.

"ನೋಡಿ ಗುರುನಂಜಯ್ಯನವರೇ," ಎಂದರು ಡಾಕ್ಟರಮ್ಮ. "ವಯಸ್ಸಾಗ್ತಾ ಮೈಯಲ್ಲಿರೋ ಮಾಂಸಖಂಡ ತಾನಾಗೇ ಕರಗುತ್ತೆ. ಹಿಡಿದು ನಿಲ್ಲಿಸೋಕೆ ಒಂದು, ಕಾಳಿನ ಹಿಟ್ಟು ತಪ್ಪದೆ ತಿನ್ನಬೇಕು. ಇನ್ನೊಂದು, ದಿನಾ ಹತ್ತು ಸಲ ಎದ್ದು ಕೂತು ಮಾಡಬೇಕು. ಬರೀ ತಿಂದು ಕೂತರೂ ಆಗಲ್ಲ, ಬರೀ ಎದ್ದು ಕೂತರೂ ಆಗಲ್ಲ. ಇವರಿಗೆ ಹಾಲು ಒಗ್ಗಲ್ಲ ಅಂತೀರಿ, ಆದ್ದರಿಂದ ಹಿಟ್ಟೇ ಗತಿ. ನೀವು ಹಾಕೋದೆಲ್ಲ ಸರಿಯಾಗೇ ಇದೆ. ಕಾಳಲ್ಲಿ ಕಡಿಮೆ ಇರೋದು ರಾಗೀಲಿ, ಬೀಜದಲ್ಲಿ ಸಿಗುತ್ತೆ. ಮೊಳಕೆ ಬರಿಸಿದ್ದು ಹೊಟ್ಟೆಗೂ ಹಗುರ. ಆದರೂ ಯಾಕೆ ಹತ್ತುತ್ತಿಲ್ಲ?" ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡುತ್ತ ಕೇಳಿದರು, "ಬೀಸೋದು ಯಾರು?"

"ನಾನೇ," ಎಂದೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಹೀಗೇ ಇಳೀತಾ ಹೋದರೆ ದೀಪಾವಳಿ ಹೊತ್ತಿಗೆ ಹಾಸಿಗೆ ಹಿಡೀತಾರೆ. ಇನ್ನೊಂದು ಸಲ ಬಿದ್ದರೆ ಸೊಂಟದ ಮೂಳೆ ಉಳಿಯಲ್ಲ" ಎಂದಷ್ಟೇ ಹೇಳಿ ಚೀಟಿ ಬರೆದುಕೊಟ್ಟರು.

ನಿಮಗೆ ಗೊತ್ತಿರಲಿಕ್ಕಿಲ್ಲ, ನಮ್ಮೂರಲ್ಲಿ ಬೀಸಿದ್ದು ಹತ್ತಲಿಲ್ಲವೆಂದರೆ ಜನ ಒಂದೇ ಮಾತು ಆಡುವುದು: ಬೀಸುವವರ ಮನಸ್ಸು ಅದರಲ್ಲಿಲ್ಲ. ನನ್ನ ಮನಸ್ಸು ದಾಕ್ಷಿಯಲ್ಲಿಲ್ಲವಂತೆ! ಅಂಗಡಿಗೆ ಬರುವವರು ಹಾರ್ಮೋನಿಯಂ ಕೊಟ್ಟು, ನನ್ನ ಮುಖ ನೋಡಿ, ಗಂಟಲು ಸರಿಮಾಡಿಕೊಂಡು ಹೋಗತೊಡಗಿದರು. ಮೊದಲು ನನಗೆ ಕೆಂಡದಂಥ ಸಿಟ್ಟು ಬಂತು. ಆಮೇಲೆ, ದೇವರಾಣೆ ಹೇಳುತ್ತೇನೆ, ಭಯವಾಯಿತು. ಹೌದೇನೋ? ಮನಸ್ಸು ಅನ್ನುವುದನ್ನು ಯಾರು ತೆರೆದು ನೋಡಿದ್ದಾರೆ? ಹಾರ್ಮೋನಿಯಂ ಆಗಿದ್ದರೆ ಮುಚ್ಚಳ ಬಿಚ್ಚಿ ಯಾವ ಪಟ್ಟಿ ಬೇಸೂರಾಗಿದೆ ಎಂದು ಹೇಳಿಬಿಡುತ್ತಿದ್ದೆ. ಹಳೆಯದೆಲ್ಲ ಕೆದಕಿದೆ. ಅವಳ ತಮ್ಮನ ಮದುವೆಗೆ ನಾನು ಹೋಗದೆ ಉಳಿದದ್ದು, ಒಮ್ಮೆ ಹತ್ತು ಜನರ ಎದುರು "ನಿನ್ನ ಹಾಡು ಸಾಕು ಮಾಡೇ" ಎಂದದ್ದು, ನಮ್ಮ ಮಗು ತೀರಿಹೋದ ವರ್ಷ ಅವಳನ್ನು ಒಬ್ಬಳೇ ಅಳಲು ಬಿಟ್ಟು ಅಂಗಡಿಯಲ್ಲಿ ಕೂತುಬಿಟ್ಟದ್ದು. ಒಂದೊಂದೂ ಎದೆಗೆ ಚುಚ್ಚಿತು. ಸಂಜೆ ಬೀಸುವಾಗ ಕಣ್ಣು ಮುಚ್ಚಿ, ಪ್ರತಿ ಸುತ್ತಿಗೂ ದಾಕ್ಷಿ, ದಾಕ್ಷಿ ಎಂದುಕೊಳ್ಳತೊಡಗಿದೆ. ಬಳೆಗಳು ಮಾತ್ರ ಮತ್ತೂ ಮೇಲಕ್ಕೆ ಜಾರಿದವು.

ಆಗಲೇ ಎದುರುಮನೆಯ ರುದ್ರಾಣಮ್ಮ ಒಂದು ಬೆಳಿಗ್ಗೆ ಅಂಗಡಿಗೆ ಬಂದದ್ದು. ಕೈಯಲ್ಲಿ ಹಾರ್ಮೋನಿಯಂ ಇರಲಿಲ್ಲ, ಬರೀ ಬಾಯಿ ಇತ್ತು.

"ಗುರುನಂಜಣ್ಣ, ಹೇಳಬಾರದು, ಆದರೂ ಹೇಳ್ತೀನಿ. ನೀವು ಊಟ ಮಾಡಿ ಅಂಗಡಿಗೆ ಬಂದ ಮೇಲೆ ನಿಮ್ಮನೇಲಿ ಕಲ್ಲು ತಿರುಗುತ್ತೆ."

"ಯಾವಾಗ?"

"ದಿನಾ. ಎರಡು ಗಂಟೆ ಹೊತ್ತಿಗೆ. ಬಾಗಿಲು ಹಾಕ್ಕೊಂಡು."

"ನನಗೆ ಬೀಸ್ತಾಳೇನೋ."

"ನಿಮಗೆ ಬೀಸೋದು ಬೆಳಿಗ್ಗೆ. ನನಗೆ ಗೊತ್ತಿಲ್ವಾ? ಇದು ಬೇರೆ ಯಾರಿಗೋ. ಅವಳೇ ಎದ್ದು ನಿಲ್ಲಲಾರದೆ ಇದ್ದಾಳೆ, ಇದ್ದ ಶಕ್ತಿ ಎಲ್ಲ ಅಲ್ಲಿ ಹಾಕ್ತಿದ್ದಾಳೆ. ಯಾರಿಗೆ ಅಂತ ನೀವೇ ಕೇಳ್ಕೊಳ್ಳಿ. ನಾನು ಇಂಥದಕ್ಕೆಲ್ಲ ಬಾಯಿ ಹಾಕೋಳಲ್ಲ" ಎಂದು ಸೆರಗು ಕೊಡವಿ ಹೊರಟುಹೋದಳು.

ಅರವತ್ತಾರನೇ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಡುವ ಯೋಗ ನನಗಿತ್ತು ನೋಡಿ! ಊರಿನ ಒಂಟಿ ಗಂಡಸರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದೆ. ಪೋಸ್ಟಿನ ಮುನಿಯಪ್ಪ ಇತ್ತೀಚೆಗೆ ದುಂಡಗಾಗಿದ್ದಾನಲ್ಲ? ಶಾಲೆಯ ಹಳೇ ಹೆಡ್‌ಮಾಸ್ತರು ಕೋಲಿಲ್ಲದೆ ನಡೆಯುತ್ತಿದ್ದಾರಲ್ಲ? ಆ ದಿನ ಊಟಕ್ಕೆ ಹೋದವನು ಅವಳ ಮುಖ ನೋಡಲಾರದೆ ಮುದ್ದೆ ನುಂಗಿ, ಎಂದಿನಂತೆ ಚಪ್ಪಲಿ ಮೆಟ್ಟಿ ಹೊರಟೆ. ಅಂಗಡಿಯವರೆಗೂ ಹೋಗಲಿಲ್ಲ. ಬೇವಿನ ಮರದ ಕೆಳಗೆ ನಿಂತೆ.

ಮಧ್ಯಾಹ್ನದ ಬಿಸಿಲಲ್ಲಿ ಊರು ನೀರಿನಡಿ ಇದ್ದ ಹಾಗಿತ್ತು. ಗಾಳಿಯಿಲ್ಲ, ಎಲೆ ಅಲ್ಲಾಡುತ್ತಿಲ್ಲ, ನೆರಳು ಕೂಡ ಮಲಗಿತ್ತು. ಸ್ವಲ್ಪ ಹೊತ್ತಿಗೆ ನನ್ನ ಮನೆಯಿಂದ ಕಲ್ಲಿನ ದನಿ ಬಂತು. ಸಣ್ಣಗೆ, ನುಣ್ಣಗೆ, ಮಧ್ಯಮದಲ್ಲಿ ನಿಂತ ದನಿ. ದಾಕ್ಷಿಯ ಕೈಯೇ. ಸಾವಿರ ಕಲ್ಲಿನ ನಡುವೆ ಗುರುತು ಹಿಡಿದೇನು. ಆದರೆ ನಡುನಡುವೆ ನಿಲ್ಲುತ್ತಿತ್ತು. ನಾಲ್ಕು ಸುತ್ತು, ಮತ್ತೆ ನಿಲ್ಲುವುದು. ಅವಳು ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದು ತಿಳಿದಾಗ ಸಿಟ್ಟಿನ ಜಾಗದಲ್ಲಿ ಬೇರೇನೋ ಬಂದು ಕೂತಿತು.

ಹಿತ್ತಲ ಬಾಗಿಲಿಂದ ಒಳಗೆ ಹೋದೆ. ದಾಕ್ಷಿ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು, ಕಲ್ಲಿನ ಗೂಟ ಹಿಡಿದು ಕೂತಿದ್ದಳು. ಬಳೆಗಳನ್ನು ಸದ್ದಾಗದಂತೆ ಬಟ್ಟೆಯ ಚೂರಿನಿಂದ ತೋಳಿಗೆ ಕಟ್ಟಿಕೊಂಡಿದ್ದಳು. ಅವಳ ಪಕ್ಕದಲ್ಲಿದ್ದದ್ದು ಕಾಳಿನ ಮೊರವಲ್ಲ. ಹಿಂದಿನ ಸಂಜೆ ನಾನು ಬೀಸಿ ಕೊಟ್ಟ ಹಿಟ್ಟಿನ ಬಟ್ಟೆ. ನನ್ನ ಹಿಟ್ಟನ್ನು ಹಿಡಿ ಹಿಡಿಯಾಗಿ ಕಲ್ಲಿನ ಬಾಯಿಗೆ ಹಾಕಿ ಅವಳು ಮತ್ತೆ ಬೀಸುತ್ತಿದ್ದಳು.

ನನ್ನನ್ನು ಕಂಡು ಅವಳ ಕೈ ನಿಂತಿತು. ನಾನು ಕೂತು ಆ ಬಟ್ಟೆಗೆ ಕೈ ಹಾಕಿದೆ. ಬೆರಳಿಗೆ ಏನೂ ತಿಳಿಯಲಿಲ್ಲ. ಅರ ಹಿಡಿದ ಬೆರಳು, ತುದಿಯೆಲ್ಲ ಜೋಮು ಹಿಡಿದು ಎಷ್ಟು ಕಾಲವಾಗಿತ್ತೋ, ನಾನದನ್ನು ಒಪ್ಪಿಕೊಂಡೇ ಇರಲಿಲ್ಲ. ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಾಕಿದೆ. ಕಟಕ್ಕೆಂದಿತು. ಹಿಟ್ಟಲ್ಲ ಅದು, ನುಚ್ಚು. ಅರ್ಧ ಕಡಲೆ ಹಾಗೇ ಇತ್ತು.

"ಎಷ್ಟು ದಿನದಿಂದ?" ಎಂದೆ.

"ಮೂರು ವರ್ಷ ಆಯ್ತು," ಎಂದಳು. "ನಿಮ್ಮ ಬೆರಳಿಗೆ ಕಾಳಿನ ಅಂದಾಜು ತಪ್ಪಿಹೋಗಿದೆ ರೀ. ಒಂದು ಚಿಟಿಕೆ ಹಾಕೋ ಕಡೆ ಒಂದು ಹಿಡಿ ಬೀಳುತ್ತೆ. ಅವತ್ತು ಮೊದಲನೇ ಸಲ ಬಾಯಿಗೆ ಹಾಕ್ಕೊಂಡಾಗ ಹಲ್ಲಿಗೆ ಸಿಕ್ತು. ನೀವು ಹೇಗಿದೆ ಅಂತ ಕೇಳಿದ್ರಿ. ಮಗು ಹಾಗೆ ನಿಂತಿದ್ರಿ. ಬೆಣ್ಣೆ ಹಾಗಿದೆ ಅಂದ್ಬಿಟ್ಟೆ."

"ಅಂದ್ಬಿಟ್ಟೆ, ಸರಿ. ಮತ್ತೆ ಯಾಕೆ ಬೀಸೋಕೆ ಹೋದೆ?"

"ಮಾರನೇ ದಿನ ನೆಂಟರು ಬರೋರಿದ್ರಲ್ಲ, ನಿಮ್ಮ ಹಿಟ್ಟು ಮುಟ್ಟಿ ನೋಡೋರು. ಅವರ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ ಒಂದು ಸಲ ನುಣ್ಣಗೆ ಮಾಡಿಟ್ಟೆ. ಆಮೇಲೆ ಅದೇ ಆಯ್ತು. ಮನೇಗೆ ಯಾರು ಯಾವಾಗ ಬರ್ತಾರೋ."

"ನಿನ್ನ ಹಿಟ್ಟನ್ನ ನೀನೇ ಬೀಸಿದರೆ ಏನಾಗುತ್ತೆ ಅಂತ ಗೊತ್ತಿಲ್ವೇನೇ ನಿನಗೆ? ಎಳೇ ಮಕ್ಕಳಿಗೂ ಗೊತ್ತು!"

"ಗೊತ್ತಿತ್ತು. ಆದರೆ ಮೊದಲು ಬೀಸಿದ್ದು ನೀವಲ್ವಾ? ನಾನು ಬರೀ ನುಣ್ಣಗೆ ಮಾಡಿದ್ದು. ಅದು ಲೆಕ್ಕಕ್ಕಿಲ್ಲ ಅಂದ್ಕೊಂಡೆ. ಮೊದಮೊದಲು ಏನೂ ಆಗಲೂ ಇಲ್ಲ." ಅವಳು ತೋಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಬಳೆಗಳು ಜಾರಿ ಮಣಿಕಟ್ಟಿಗೆ ಬಂದು ಬಿದ್ದವು. "ಹತ್ತುತ್ತಿಲ್ಲ ಅಂತ ತಿಳಿಯೋ ಹೊತ್ತಿಗೆ, ಹೇಳಿದ್ರೆ ನೀವು ಕುಸಿದು ಹೋಗ್ತೀರಿ ಅನ್ನಿಸ್ತು. ಅಂಗಡೀಲೂ ಬೆರಳು ಕೈಕೊಡ್ತಿದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ? ರಿಪೇರಿ ಮಾಡಿದ ಪೆಟ್ಟಿಗೆಗಳು ವಾಪಸ್ ಬರ್ತಿವೆ. ಉಳಿದಿದ್ದು ಇದೊಂದೇ."

ನಾನು ಅತ್ತುಬಿಟ್ಟೆ. ಗಂಡಸು, ಮೀಸೆ ಹೊತ್ತವನು, ಹಿಟ್ಟಿನ ಬಟ್ಟೆಯ ಮೇಲೆ ಮುಖವಿಟ್ಟು ಹೋ ಎಂದು ಅತ್ತೆ. ಊರೆಲ್ಲ ನನಗೆ ಮನಸ್ಸಿಲ್ಲ ಎಂದಿತ್ತು. ನಾನು ಪೋಸ್ಟಿನ ಮುನಿಯಪ್ಪನ ಹೊಟ್ಟೆ ಅಳೆದಿದ್ದೆ. ಇಲ್ಲಿ ಇವಳು ನನ್ನ ಒಂದು ಜಂಬ ಉಳಿಸಲು ತನ್ನ ತೊಡೆಯ ಮಾಂಸ ಕರಗಿಸಿಕೊಂಡಿದ್ದಳು. ಮೂರ್ಖಳು, ಅಲ್ಲ, ಮೂರ್ಖ ನಾನು. ಯಾರಾದರೇನು, ಇಬ್ಬರೂ ಸೇರಿ ಅವಳನ್ನು ಹಾಸಿಗೆಯ ಅಂಚಿಗೆ ತಂದು ನಿಲ್ಲಿಸಿದ್ದೆವು.

ಅಳು ನಿಂತ ಮೇಲೆ ಮೂಗೊರೆಸಿಕೊಂಡು ಹೇಳಿದೆ, "ನಾಳೆ ಗಿರಣಿಗೆ ಹೋಗ್ತೀನಿ. ಸಾಲಲ್ಲಿ ನಿಲ್ತೀನಿ. ಹಿಂದಿರೋರಿಗೆ ಗುಂಡಿ ಒತ್ತುತೀನಿ. ಮುಂದಿರೋರು ನಿನಗೆ ಒತ್ತಲಿ." ಆ ಮಾತು ಆಡಲು ನನಗೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ದಾಕ್ಷಿ ತಲೆಯಾಡಿಸಿದಳು. "ಯಾರೋ ದಾರೀಲಿ ಹೋಗೋರು ಗುಂಡಿ ಒತ್ತಿದ ಹಿಟ್ಟು ನನಗೆ ಬೇಡ. ಅದು ಹತ್ತುತ್ತೆ, ಗೊತ್ತು. ಆದರೂ ಬೇಡ. ನಿಮ್ಮ ನುಚ್ಚೇ ಕೊಡಿ. ಗಂಜಿ ಮಾಡ್ಕೊಂಡು ಕುಡೀತೀನಿ. ಬೆಂದರೆ ಮೆತ್ತಗಾಗುತ್ತೆ."

"ನುಚ್ಚು ಅಂತ ಬಾಯಿಬಿಟ್ಟು ಹೇಳ್ತೀಯಾ?"

"ಹೇಳ್ತೀನಿ. ನೀವು ಕೇಳಿಸ್ಕೋತೀರಾ?"

ನಾನು ಆ ಸಂಜೆಯೂ ಕಲ್ಲನ್ನು ಜಗಲಿಗೇ ತಂದೆ. ಇಷ್ಟು ದಿನ ನನ್ನ ಕಲ್ಲಿನ ದನಿ ನಾನು ಕೇಳಿಯೇ ಇರಲಿಲ್ಲ. ಊರಿನವರೆಲ್ಲರ ಶ್ರುತಿ ಹಿಡಿದವನ ಕಿವಿಗೆ ತನ್ನ ಮನೆಯದೊಂದು ಬಿದ್ದಿರಲಿಲ್ಲ. ಈಗ ಕಿವಿಗೊಟ್ಟೆ. ಗರಗರ ಗೊರಗೊರ ಎಂದು ಮುದಿ ಎತ್ತು ಕೆಮ್ಮಿದ ಹಾಗಿತ್ತು. ಬೀದಿಯ ಎಲ್ಲ ಕಲ್ಲುಗಳ ನಡುವೆ ಅದೊಂದೇ ಬೇಸೂರು. ತಿರುಗಿಸುತ್ತಲೇ ಇದ್ದೆ.

ಎದುರುಮನೆಯ ರುದ್ರಾಣಮ್ಮ ತಾನು ಬೀಸುವುದನ್ನೇ ನಿಲ್ಲಿಸಿ ಕೂಗಿದಳು, "ಏನ್ ಗುರುನಂಜಣ್ಣ, ಜಲ್ಲಿಕಲ್ಲು ಬೀಸ್ತಿದ್ದೀರಾ?"

"ಹೌದಮ್ಮ ತಾಯಿ, ಜಲ್ಲೀನೇ," ಎಂದು ನಾನೂ ಕೂಗಿದೆ. "ನನ್ನ ಬೆರಳು ಹೋಗಿದೆ. ಮೂರು ವರ್ಷ ಆಯ್ತು. ಬೀದಿಗೆಲ್ಲ ಹೇಳಿ ಬಾ, ನೀನು ಇಂಥದಕ್ಕೆಲ್ಲ ಬಾಯಿ ಹಾಕೋಳಲ್ಲ ಅಂತ ಗೊತ್ತು, ಆದರೂ ಹೇಳಿ ಬಾ." ಬೀದಿಯ ಕಲ್ಲುಗಳೆಲ್ಲ ಒಮ್ಮೆಗೇ ನಿಂತವು. ಆಮೇಲೆ ಮೂಲೆಮನೆಯ ಹೊಸ ಜೋಡಿ ಕಿಸಕ್ಕೆಂದು ನಕ್ಕಿತು. ಕಲ್ಲುಗಳು ಒಂದೊಂದಾಗಿ ಮತ್ತೆ ಶುರುವಾದವು.

ಅಂಗಡಿಯ ಕೆಲಸವನ್ನು ಒಬ್ಬ ಹುಡುಗಿಗೆ ಕಲಿಸಿಕೊಟ್ಟೆ. ಬೆರಳು ಅವಳದು, ಕಿವಿ ನನ್ನದು. ದಾಕ್ಷಿ ಎರಡು ಹೊತ್ತೂ ನುಚ್ಚಿನ ಗಂಜಿ ಕುಡಿದಳು. ನಾನು ಎದುರಿಗೆ ಕೂತು ಲೋಟ ಖಾಲಿಯಾಗುವವರೆಗೆ ಏಳಲಿಲ್ಲ. ಮಧ್ಯಾಹ್ನ ಕಲ್ಲು ಮುಟ್ಟಬಾರದೆಂದು ಅದರ ಗೂಟ ಕಿತ್ತು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಡಾಕ್ಟರಮ್ಮ ಹೇಳಿದಂತೆ ದಿನಾ ಎದ್ದು ಕೂತು ಮಾಡಿಸಿದೆ. ಮೊದಲು ಕುರ್ಚಿಯಿಂದ, ಆಮೇಲೆ ಮಣೆಯಿಂದ. ಅವಳು ನನಗೆ ಬಾಯಿಗೆ ಬಂದಂತೆ ಬಯ್ದಳು. ಬಯ್ಯುವ ದನಿಯಲ್ಲಿ ಕಸುವು ಬರುತ್ತಿದೆ ಎಂದು ಒಳಗೊಳಗೇ ಹಿಗ್ಗಿದೆ. ಒಂದು ತಿಂಗಳು ಏನೂ ಕಾಣಲಿಲ್ಲ. ಎರಡನೆಯ ತಿಂಗಳು ಬಳೆಗಳು ಮೊಣಕೈಯಿಂದ ಎರಡು ಬೆರಳು ಕೆಳಗೇ ನಿಲ್ಲತೊಡಗಿದವು. ನಾನು ಬಾಯಿ ಬಿಡಲಿಲ್ಲ, ದೃಷ್ಟಿಯಾದೀತೆಂದು.

ದೀಪಾವಳಿಗೆ ಇನ್ನು ನಾಲ್ಕು ದಿನವಿತ್ತು. ಸಂಜೆ ಜಗಲಿಯ ಮೇಲೆ ನಾನು ಬೀಸುತ್ತಿದ್ದೆ, ಅವಳು ಎದುರಿಗೆ ಚಾಪೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬಿಸಿಲು ಹಳದಿಗೆ ತಿರುಗಿ, ಬೀದಿಯ ಮೇಲೆ ಹಿಟ್ಟಿನ ಮಂಜು ಎದ್ದು, ಮನೆಗಳೆಲ್ಲ ತಮ್ಮ ಜಾಗದಿಂದ ಒಂದಿಷ್ಟು ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಅವಳು ಬತ್ತಿಗಳನ್ನು ಪಕ್ಕಕ್ಕಿಟ್ಟಳು. "ರೀ, ಇಲ್ಲಿ ನೋಡಿ" ಎಂದಳು. ಎರಡೂ ಕೈಗಳನ್ನು ಅಂಗೈ ಕಾಣುವಂತೆ ಗಾಳಿಯಲ್ಲಿ ಎತ್ತಿ ಹಿಡಿದಳು. ಬಳೆಗಳು ಸ್ವಲ್ಪ ಜಾರಿ, ಅರ್ಧ ದಾರಿಯಲ್ಲೇ ನಿಂತವು. ಒಂದು ಮಂಡಿ ಮಡಿಸಿದಳು. ಮೈ ಮುಂದಕ್ಕೆ ಬಾಗಿತು, ಕಾಲು ಗಡಗಡ ನಡುಗಿತು. ನಾನು ಗೂಟ ಬಿಟ್ಟು ಅವಳನ್ನು ಹಿಡಿಯಲು ಎದ್ದೆ. "ಕೂತ್ಕೊಳ್ಳಿ!" ಎಂದು ಗದರಿದಳು. ಕೂತೆ. ಅವಳು ಏಳುತ್ತಲೇ ಇದ್ದಳು, ಅದೆಷ್ಟು ಹೊತ್ತು ಎದ್ದಳೋ, ನೆಲ ಮುಟ್ಟದೆ, ಗೋಡೆ ಹಿಡಿಯದೆ. ಕೊನೆಗೆ ನೆಟ್ಟಗೆ ನಿಂತುಬಿಟ್ಟಳು.

ಎದುರು ಜಗಲಿಯಲ್ಲಿ ರುದ್ರಾಣಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನನಗೆ ಕಣ್ಣು ಮಂಜಾಗಿ ಏನೂ ಕಾಣಿಸುತ್ತಿರಲಿಲ್ಲ. ದಾಕ್ಷಿ ನಡೆದು ಬಂದು, ಕಲ್ಲಿನ ಅಂಚಿನಲ್ಲಿದ್ದ ಹಸಿ ನುಚ್ಚನ್ನು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಮೂವತ್ತೆಂಟು ವರ್ಷದ ಚಾಳಿ, ಅಳುತ್ತಲೇ ಕೇಳಿದೆ, "ಹೇಗಿದೆ ದಾಕ್ಷಿ?"

ಅವಳು ಕಟಕಟ ಅಗಿದಳು. "ಕಲ್ಲಿನ ಹಾಗಿದೆ," ಎಂದಳು. "ಇನ್ನೊಂದು ಚಿಟಿಕೆ ಕೊಡಿ."